ಋಣಾವೇಶ

ಮಾರ್ಚ್ ೪, ಸೋಮವಾರ

ಇವತ್ತು ಇಸ್ತ್ರಿ ನಮ್ಮ ಮನೆಯ ಮೆಟ್ಟಿಲು ಹತ್ತಿದ.

ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟವಳು ನಾನೇ. ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ಅವನು ಮುಖ್ಯಸ್ಥ, ನಾನು ಅಧ್ಯಾಪಕಿ ಆಗಿದ್ದ ಕಾಲದಲ್ಲಿ. ಎಂಥ ಸೆಕೆಯಲ್ಲೂ ಅವನ ಅಂಗಿಯ ಮೇಲೆ ಒಂದು ಸುಕ್ಕು ಕಂಡವರಿಲ್ಲ. ಈಗ ಅವನು ಪ್ರಿನ್ಸಿಪಾಲ. ನಾನು ನಮ್ಮ ಮನೆಯ ಮುಂಭಾಗದಲ್ಲಿರುವ ಅತ್ತಿಗೆಯ ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಟ್ಯೂಷನ್ ಹೇಳಿಕೊಡುವವಳು.

ಪಾರ್ಲರಿನೊಳಗೆ ಗಂಡಸರನ್ನು ಅತ್ತಿಗೆ ಬಿಡುವುದಿಲ್ಲ. ಹೊಸ್ತಿಲಾಚೆಯೇ ನಿಂತ. ಪಕ್ಕದಲ್ಲಿ ಒಬ್ಬಳು ತೆಳ್ಳಗಿನ ಹುಡುಗಿ.

"ನಮ್ಮ ಸೊಸೆ. ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋ ಕೋರ್ಸ್ ಸೇರ್ಬೇಕಂತೆ. ಪ್ರವೇಶ ಪರೀಕ್ಷೆಗೆ ಫಿಸಿಕ್ಸ್ ಇದೆ. ಸ್ವಲ್ಪ ಹೇಳ್ಕೊಡಿ" ಎಂದ. ಆಮೇಲೆ ದನಿ ತಗ್ಗಿಸಿದ. "ಹಳೇದನ್ನ ನಾನಂತೂ ಮನಸ್ಸಲ್ಲಿ ಇಟ್ಕೊಂಡಿಲ್ಲ ಮೇಡಂ. ನೀವೂ ಸಂಕೋಚ ಪಟ್ಕೋಬೇಡಿ."

ಅವನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲವಂತೆ! ಕಾಲೇಜಿಗೆ ಬಂದ ಅತಿಥಿಗಳ ಮುಂದೆ ದೊಡ್ಡ ಕಿಡಿ ಹಾರಿಸಬೇಕೆಂದು ಲ್ಯಾಬಿನ ವಿದ್ಯುತ್ ಕಿಡಿಯ ಯಂತ್ರಕ್ಕೆ, ವಿದ್ಯುತ್ತನ್ನು ತುಂಬಿಡುವ ಜಾಡಿ ಜೋಡಿಸಿದವನು ಅವನು. ಯಂತ್ರ ನಿಲ್ಲಿಸಿದರೂ ಜಾಡಿಯೊಳಗೆ ವಿದ್ಯುತ್ತಿನ ಆವೇಶ ಕೂತೇ ಇರುತ್ತದೆ; ಅದನ್ನು ನೆಲಕ್ಕೆ ಇಳಿಸದೆ ಯಾರೂ ಹತ್ತಿರ ಸುಳಿಯಬಾರದು. ಇಳಿಸದೆ ಅತಿಥಿಗಳ ಜೊತೆ ಟೀ ಕುಡಿಯಲು ಹೊರಟವನು ಅವನು. ನಾನು ಮೇಲಿನ ಮಹಡಿಯಲ್ಲಿ ಪಾಠ ಮಾಡುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ ಮೇಜು ಒರೆಸಲು ಹೋಗಿ ಜಾಡಿ ಮುಟ್ಟಿ ಎಗರಿ ಬಿದ್ದಳು. ಮೊಣಕೈ ಮುರಿಯಿತು. ವಿಚಾರಣೆಯಲ್ಲಿ ಇಸ್ತ್ರಿ ಕಣ್ಣು ಮಿಟುಕಿಸದೆ ಹೇಳಿದ, "ಲ್ಯಾಬಿನ ಜವಾಬ್ದಾರಿ ಮೇಡಂದು." ಬೀಗದ ಕೈ ನನ್ನ ಹೆಸರಿನಲ್ಲಿತ್ತು. ನನ್ನ ನೌಕರಿ ಹೋಗಲು ಅಷ್ಟು ಸಾಕಾಯಿತು.

"ಆಗಲಿ ಸಾರ್, ಕಳಿಸಿ" ಎಂದೆ. ನಗುತ್ತಲೇ ಎಂದೆ.

ಅವನ ಬೆನ್ನು ಮರೆಯಾದದ್ದೇ ಅತ್ತಿಗೆ ಕತ್ತರಿ ಕುಕ್ಕಿದರು. "ನಿನಗೇನು ಮೂರು ಕಾಸಿನ ಮರ್ಯಾದೆ ಇಲ್ವೇನೇ? ಅವನ ಮುಖದ ಮೇಲೆ ಬಾಗಿಲು ಹಾಕೋದು ಬಿಟ್ಟು ಹಲ್ಲು ಕಿರಿದೆಯಲ್ಲ!"

ಬಾಗಿಲು ಹಾಕಿದರೆ ಏನು ಬಂತು? ಒಂದು ಗಳಿಗೆಯ ಸದ್ದು. ನಾನು ಸೊಸೆಗೆ ಪಾಠ ಹೇಳುತ್ತೇನೆ. ಅಚ್ಚುಕಟ್ಟಾಗಿ, ನಗುನಗುತ್ತ, ತಪ್ಪು ಪಾಠ. ಭೌತಶಾಸ್ತ್ರದ ಪ್ರಿನ್ಸಿಪಾಲನ ಸೊಸೆ ಭೌತಶಾಸ್ತ್ರದಲ್ಲೇ ಡುಮ್ಕಿ ಎಂದು ಜನ ಅವನ ಎದುರಿಗೇ ಬಾಯಿ ಮುಚ್ಚಿಕೊಂಡು ನಗಬೇಕು. ಇಸ್ತ್ರಿಯ ಮಡಿಕೆ ಒಂದೊಂದೇ ಬಿಚ್ಚಿಕೊಳ್ಳಬೇಕು.

ಮಾರ್ಚ್ ೬

ಇಸ್ತ್ರಿಯ ಸೊಸೆಯ ಮೊದಲ ಪಾಠ. ವಿದ್ಯುದಾವೇಶ.

"ಆವೇಶ ಅಂದ್ರೆ ಮೈಮೇಲೆ ಬರೋದಲ್ವಾ ಮೇಡಂ? ನಮ್ಮ ಮಾವನವರಿಗೆ ದಿನಾ ಊಟಕ್ಕೆ ಕೂತಾಗ ಬರತ್ತೆ" ಎಂದಳು. ನಗು ಬಂದಿತ್ತು. ನುಂಗಿಕೊಂಡೆ.

ಅತ್ತಿಗೆಯ ಬಾಚಣಿಗೆಯನ್ನು ಒಣ ಕೂದಲಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದೆ. ಚೂರುಗಳು ಎದ್ದು ಅಂಟಿಕೊಂಡವು. "ಬಾಚಣಿಗೇಲಿ ಋಣ ಆವೇಶ ಇದೆ. ಕಾಗದ ಓಡಿ ಬಂತು ಅಂದ್ರೆ ಕಾಗದದಲ್ಲಿ ಧನ ಆವೇಶ ಇದೆ ಅಂತಲೇ ಅರ್ಥ. ಯಾವುದು ಆಕರ್ಷಣೆ ಆಗತ್ತೋ ಅದರಲ್ಲಿ ವಿರುದ್ಧ ಆವೇಶ ಇದ್ದೇ ಇರತ್ತೆ. ಇದನ್ನ ಮರೀಬೇಡಿ" ಎಂದೆ.

ಶುದ್ಧ ಸುಳ್ಳು. ಕಾಗದದಲ್ಲಿ ಹೆಚ್ಚುವರಿ ಆವೇಶ ಯಾವುದೂ ಇಲ್ಲ. ಆವೇಶ ಇಲ್ಲದ ವಸ್ತುವೂ ಆಕರ್ಷಣೆಗೆ ಒಳಗಾಗುತ್ತದೆ. ನಿಜವಾದ ಪರೀಕ್ಷೆ ವಿಕರ್ಷಣೆ ಮಾತ್ರ, ಒಂದು ಇನ್ನೊಂದನ್ನು ದೂರ ತಳ್ಳುವುದು. ಈ ಪ್ರಶ್ನೆ ಪ್ರವೇಶ ಪರೀಕ್ಷೆಯಲ್ಲಿ ಬರದ ವರ್ಷವಿಲ್ಲ.

ಎರಡು ಸಲ ಬಾಯಿಪಾಠ ಹೇಳಿ ಒಪ್ಪಿಸಿ ಹೋದಳು, ಪಾಪ. ಪಾಪ ಎಂದು ಯಾಕೆ ಬರೆದೆ? ಕೈ ಅಭ್ಯಾಸ.

ಮಾರ್ಚ್ ೧೧

ತಪ್ಪನ್ನು ಹೇಳಿಕೊಡಲು ಸರಿಯಾದದ್ದಕ್ಕಿಂತ ಹೆಚ್ಚು ತಯಾರಿ ಬೇಕು. ಒಂದು ಸುಳ್ಳು ಇನ್ನೊಂದರ ಕಾಲಿಗೆ ತೊಡರಬಾರದು. ನೌಕರಿ ಇದ್ದಾಗಲೂ ಇಷ್ಟು ಓದಿರಲಿಲ್ಲ.

ಇವತ್ತು ವಿದ್ಯುತ್ ಕ್ಷೇತ್ರದ ಬಲರೇಖೆಗಳು. ಗೆರೆಗಳು ಒತ್ತಾಗಿರುವಲ್ಲಿ ಕ್ಷೇತ್ರ ಪ್ರಬಲ. ನಾನು ತಿರುಗಿಸಿ ಹೇಳಿದೆ. "ಬಸ್ ನಿಲ್ದಾಣದ ನೂಕುನುಗ್ಗಲಲ್ಲಿ ಯಾರಿಗಾದ್ರೂ ಓಡೋಕಾಗತ್ತಾ? ಹಾಗೇ ಇದು. ಗೆರೆ ಒತ್ತಾಗಿದ್ರೆ ಬಲ ಕಮ್ಮಿ." ಎಷ್ಟು ಚೆಂದದ ಹೋಲಿಕೆ! ಸತ್ಯಕ್ಕೆ ಇಷ್ಟು ಚೆಂದದ ಹೋಲಿಕೆಯನ್ನು ನಾನು ಯಾವತ್ತೂ ಹುಡುಕಿರಲಿಲ್ಲ. ಜೊತೆಗೆ ಇನ್ನೊಂದು: ಎಲೆಕ್ಟ್ರಾನೂ ಬಾಣದ ಗುರುತು ತೋರಿಸಿದ ಕಡೆಗೇ ಹೋಗುತ್ತದೆ ಎಂದೆ. ಹೋಗುವುದು ಅದಕ್ಕೆ ಎದುರಾಗಿ.

ಸೊಸೆ ತಲೆಯಾಡಿಸಿದಳು. ಇಸ್ತ್ರಿ, ನಿನ್ನ ಮನೆಯ ಅಡಿಪಾಯಕ್ಕೆ ಮೂರು ಇಟ್ಟಿಗೆ ಸಡಿಲವಾದವು.

ಮಾರ್ಚ್ ೧೫

ಬಂದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಶುರು ಮಾಡಿದಳು.

"ಮೇಡಂ, ಮನೇಲಿ ಬಾಚಣಿಗೆ ಉಜ್ಜಿ ನೋಡ್ದೆ. ಕಾಗದ ಬಂತು. ದಾರ ಬಂತು. ನಲ್ಲೀಲಿ ಸಣ್ಣಗೆ ನೀರು ಬಿಟ್ಟು ಹಿಡಿದ್ರೆ ನೀರೂ ಈ ಕಡೆ ಬಾಗ್ತು! ಬಲೂನು ಉಜ್ಜಿದ್ರೆ ಗೋಡೆಗೆ ಅಂಟ್ಕೊಳ್ತು. ಎಲ್ಲದ್ರಲ್ಲೂ ವಿರುದ್ಧ ಆವೇಶವೇ ಇರತ್ತಾ? ಅದು ಹೇಗೆ? ನನ್ನ ಒಂದು ಬಾಚಣಿಗೆ ವಿರುದ್ಧ ಲೋಕವೆಲ್ಲ ಸೇರ್ಕೊಂಡು ಸಂಚು ಮಾಡಿದ್ಯಾ?"

"ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಓದಿ" ಎಂದುಬಿಟ್ಟೆ.

ಅಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದೆನಲ್ಲ, ಒಬ್ಬರಾದರೂ ಈ ಪ್ರಶ್ನೆ ಕೇಳಲಿಲ್ಲ. ಕೇಳುವವಳು ಅವನ ಮನೆಯಿಂದಲೇ ಬರಬೇಕೇ? ಊಟ ಮಾಡುವಾಗ ನೀರಿನ ಲೋಟ ಹಿಡಿದು ಕೂತಿದ್ದೆನಂತೆ. "ಕುಡೀತೀಯೋ, ಮದುವೆ ಆಗ್ತೀಯೋ?" ಎಂದರು ಅತ್ತಿಗೆ.

ಮಾರ್ಚ್ ೧೬

ಫಲಿತಾಂಶದ ದಿನ ಅವನ ಮುಖ ಹೇಗಿರಬಹುದೆಂದು ಯೋಚಿಸಿದೆ. ಮೊದಲಿನಷ್ಟು ರುಚಿಸಲಿಲ್ಲ. ತಲೆನೋವಿರಬೇಕು.

ಮಾರ್ಚ್ ೨೨

ಎಕ್ಸ್‌ರೇ ಕೋರ್ಸೇ ಯಾಕೆ ಎಂದು ಕೇಳಿದೆ. ಸುಮ್ಮನೆ, ಮಾತಿಗೆ.

"ಹೋದ ವರ್ಷ ಮಾವನವರಿಗೆ ಕೆಮ್ಮು ಬಂದಿತ್ತು. ಆಸ್ಪತ್ರೆಗೆ ನಾನೇ ಜೊತೆಗೆ ಹೋಗಿದ್ದೆ. ಎಕ್ಸ್‌ರೇ ಕೋಣೇಲಿ ನನ್ನ ವಯಸ್ಸಿನ ಒಬ್ಬಳು ಇದ್ಲು ಮೇಡಂ. ‘ಅಂಗಿ ಬಿಚ್ಚಿ. ಗಲ್ಲ ಮೇಲೆ. ಉಸಿರು ಹಿಡೀರಿ. ಅಲ್ಲಾಡ್ಬೇಡಿ’ ಅಂದ್ಲು. ಮಾವನವರು ಹಿಡಿದ್ರು! ಅಲ್ಲಾಡ್ಲೇ ಇಲ್ಲ! ಅವರು ಹೆಂಗಸರ ಮಾತು ಕೇಳಿದ್ದನ್ನ ನಾನು ನೋಡಿದ್ದು ಅದೊಂದೇ ಸಲ. ಅವತ್ತೇ ಅಂದ್ಕೊಂಡೆ, ಈ ಕೆಲಸ ನಂಗೆ ಬೇಕು ಅಂತ."

ಇಸ್ತ್ರಿ ಬರಿಮೈಯಲ್ಲಿ ಗಲ್ಲ ಎತ್ತಿ ಉಸಿರು ಬಿಗಿ ಹಿಡಿದು ನಿಂತ ಚಿತ್ರ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಚೆ ಯಾರಿಗೋ ಹುಬ್ಬು ತೀಡುತ್ತಿದ್ದ ಅತ್ತಿಗೆ, "ಏ, ಇಲ್ಲಿ ನನ್ನ ಕೈ ಅಲ್ಲಾಡ್ತು! ಒಬ್ಬರ ಹುಬ್ಬು ಹೋಗತ್ತೆ!" ಎಂದು ಕೂಗಿದರು.

ಗಂಡ ದೂರದ ಊರಿನಲ್ಲಿ ಕೆಲಸದಲ್ಲಿದ್ದಾನೆ. ಫೋನು ಮಾಡಿದರೆ "ಅಪ್ಪ ಹೇಳಿದ ಹಾಗೆ ಮಾಡು" ಎನ್ನುತ್ತಾನಂತೆ. ಅಂದರೆ ಸೊಸೆಗೆ ಇರುವುದು ಈ ಪರೀಕ್ಷೆ ಒಂದೇ.

ಅದಕ್ಕೆ ನಾನೇನು ಮಾಡಲಿ? ಜಾಡಿಯ ಪಕ್ಕ ಬಿದ್ದವಳ ಮೊಣಕೈ ಇನ್ನೂ ಸರಿಯಾಗಿ ಮಡಚುವುದಿಲ್ಲ. ನನಗೂ ಆಗ ಒಂದೇ ನೌಕರಿ ಇತ್ತು.

ಮಾರ್ಚ್ ೨೫, ಸೋಮವಾರ

ಇದನ್ನು ಇವತ್ತೇ ಬರೆದಿಡಬೇಕು.

ಇಸ್ತ್ರಿಯ ಹೆಂಡತಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದಿದ್ದರು. ನಾನು ಹಿಂದಿನ ಕೋಣೆಯಲ್ಲಿ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ. ಅತ್ತಿಗೆಗೆ ಗೊತ್ತಿತ್ತು, ಮಾತು ಹೊರಡಿಸುವುದರಲ್ಲಿ ಅತ್ತಿಗೆ ನಿಸ್ಸೀಮರು.

"ನಿಮ್ಮ ಸೊಸೆ ಚೆನ್ನಾಗಿ ಓದ್ತಿದಾಳಂತೆ?"

"ಅಯ್ಯೋ, ಓದಿ ಎಲ್ಲಿಗೆ ಹೋಗ್ಬೇಕು? ಹಟ ಹಿಡಿದ್ಲು. ಬೇಡ ಅಂದ್ರೆ ಅಳ್ತಾಳೆ. ಅದಕ್ಕೇ ಇವರು, ಒಂದ್ಸಲ ಬರೆದು ಫೇಲಾಗ್ಲಿ, ತಾನೇ ತಣ್ಣಗಾಗ್ತಾಳೆ ಅಂದ್ರು."

"ಹಾಗಿದ್ರೆ ಟ್ಯೂಷನ್ ಯಾಕೆ?"

"ಓದಿಸ್ಲಿಲ್ಲ ಅನ್ನೋ ಮಾತು ಬರಬಾರದಲ್ಲ. ಇವರೇ ಹುಡುಕಿದ್ರು ಇಲ್ಲಿಗೆ ಅಂತ. ಕೆಲಸ ಕಳ್ಕೊಂಡು ಮೂಲೇಲಿ ಕೂತಿರೋರು, ಅವರೇನು ಹೇಳ್ಕೊಟ್ಟಾರು, ಅವಳನ್ನ ಫೇಲ್ ಮಾಡ್ಸೋಕೆ ಅವರಿಗಿಂತ ಬೇಕಾ ಅಂತ ನಕ್ರು." ಸ್ವಲ್ಪ ತಡೆದು, "ನಾನು ಹೇಳ್ದೆ ಅಂತ ಹೇಳ್ಬೇಡಿ ಮತ್ತೆ" ಎಂದರು.

ಅವನ ಕೆಲಸವನ್ನು ನಾನು ಮಾಡಿಕೊಡುತ್ತಿದ್ದೆ! ಅಂದು ಅವನ ತಪ್ಪು ಹೊತ್ತೆ, ಇಂದು ಅವನ ಕುತಂತ್ರವನ್ನೂ ಹೊತ್ತು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ಸೇಡು ಸೇಡು ಎಂದು ನಾನು ಕತ್ತಿ ಮಸೆದದ್ದು ಅವನ ಅಡಿಗೆಮನೆಯ ಉಪಯೋಗಕ್ಕೆ.

ಇಲ್ಲ ಇಸ್ತ್ರಿ. ಸೊಸೆ ಪಾಸಾಗುತ್ತಾಳೆ. ಬರೀ ಪಾಸಲ್ಲ, ಭೌತಶಾಸ್ತ್ರದಲ್ಲಿ ಅವಳ ಅಂಕ ನೋಡಿ ನಿನ್ನ ಗಂಟಲಿನಲ್ಲಿ ಅನ್ನ ಸಿಕ್ಕಿಕೊಳ್ಳಬೇಕು. ಇದೂ ಸೇಡೇ. ಮೊದಲಿನದಕ್ಕಿಂತ ಖಾರದ ಸೇಡು.

ಮಾರ್ಚ್ ೨೬

ಪುನರಾವರ್ತನೆ ಎಂಬ ನೆಪ ಹೂಡಿ ಮೂರು ಸುಳ್ಳನ್ನೂ ಸದ್ದಿಲ್ಲದೆ ಎಳೆದು ಹಾಕಬೇಕೆಂದಿದ್ದೆ.

"ಗೆರೆ ಒತ್ತಾಗಿರೋ ಕಡೆ ಕ್ಷೇತ್ರ ಪ್ರಬಲ" ಎಂದೆ.

"ಕಮ್ಮಿ ಅಂದಿದ್ರಿ ಮೇಡಂ. ಬಸ್ ನಿಲ್ದಾಣದ ಹಾಗೆ ಅಂತ."

"ಬಾಯಿ ತಪ್ಪಿ ಬಂದಿರಬೇಕು."

"ಇಲ್ಲ. ಪುಸ್ತಕದಲ್ಲಿ ಪ್ರಬಲ ಅಂತಲೇ ಇತ್ತು. ಎರಡು ಮೂರು ಸಲ ನೋಡ್ದೆ. ಅಚ್ಚು ಹಾಕೋರು ತಪ್ಪು ಮಾಡಿರ್ಬೇಕು, ಮೇಡಂ ಹೇಳಿದಾರಲ್ಲ ಅಂತ ಬಿಟ್ಟೆ."

ಅಚ್ಚಾದ ಪುಸ್ತಕವನ್ನು ಬಿಟ್ಟು ನನ್ನನ್ನು ನಂಬಿದ್ದಳು. ಎಲ್ಲವನ್ನೂ ಹೇಳಿದೆ. ಜಾಡಿ, ವಿಚಾರಣೆ, ಮೂರು ಸುಳ್ಳು, ಅವಳ ಅತ್ತೆಯ ಮಾತು. ಕೇಳಿಸಿಕೊಂಡು ಪುಸ್ತಕ ಚೀಲಕ್ಕೆ ಹಾಕಿದಳು.

"ಅವರು ನಿಮಗೆ ಮಾಡಿದ್ರು, ಸರಿ. ನಾನು ನಿಮಗೇನು ಮಾಡಿದ್ದೆ ಮೇಡಂ?"

ಉತ್ತರಕ್ಕೆ ಕಾಯದೆ ಹೋದಳು.

ಮಾರ್ಚ್ ೨೮

ಬರಲಿಲ್ಲ.

ಮಾರ್ಚ್ ೩೦

ಬರಲಿಲ್ಲ. ಇಷ್ಟು ಖಾರದ ಸೇಡು ಕೈತಪ್ಪಿತಲ್ಲ ಎಂದು ಸಂಕಟ. ಬೇರೇನಿಲ್ಲ.

"ಮುಖ ನೋಡ್ಕೋ ಹೋಗೆ, ಕನ್ನಡಿಗೇನು ಬರ ಇಲ್ಲ ಇಲ್ಲಿ. ಮಗಳನ್ನ ಗಂಡನ ಮನೆಗೆ ಕಳಿಸಿದೋರ ಹಾಗಿದೀಯ" ಎಂದರು ಅತ್ತಿಗೆ. ಅವರಿಗೆ ಎಲ್ಲದಕ್ಕೂ ಒಂದು ಮಾತು.

ಏಪ್ರಿಲ್ ೨

ಬಂದಳು! ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದಳು.

"ನಾನು ಕ್ಷಮಿಸೋಕೆ ಬಂದಿಲ್ಲ. ಬೇರೆ ಟೀಚರ್ ಹತ್ರ ಹೋಗೋಕೆ ಮಾವನವರು ಬಿಡಲ್ಲ, ಅದಕ್ಕೆ ಬಂದೆ. ಇನ್ಮೇಲೆ ನೀವು ಬಾಯಲ್ಲಿ ಹೇಳಿದ್ದನ್ನ ನಾನು ನಂಬಲ್ಲ. ಕಣ್ಣಿಗೆ ಕಾಣೋ ಹಾಗೆ ತೋರ್ಸಿ. ತೋರ್ಸಿದ್ರೆ ಒಪ್ತೀನಿ."

"ಎಲ್ಲಾನೂ ತೋರಿಸೋಕಾಗಲ್ಲ ಕಣಮ್ಮ."

"ಆಗದೇ ಇರೋದನ್ನ ನನ್ನ ಪುಸ್ತಕದಲ್ಲಿ ಹುಡುಕ್ತೀನಿ. ನಿಮ್ಮ ಮಾತಿಗೂ ಪುಸ್ತಕಕ್ಕೂ ತಾಳೆ ಆದ್ರೆ ಸರಿ."

ಇಂಥ ಸೊಕ್ಕಿನ ವಿದ್ಯಾರ್ಥಿನಿಯನ್ನು ನಾನು ಕಂಡಿಲ್ಲ. ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಾಕುವಾಗ ಸುತ್ತುವ ತೆಳು ಲೋಹದ ಹಾಳೆಯಿಂದ ಒಂದು ಚೂರು ಹರಿದು, ಕಡಲೆಕಾಳಿನಷ್ಟು ಉಂಡೆ ಮಾಡಿ, ರೇಷ್ಮೆ ದಾರದಲ್ಲಿ ತೂಗುಬಿಟ್ಟೆ. ಉಜ್ಜಿದ ಬಾಚಣಿಗೆ ಹಿಡಿ ಎಂದೆ. ಉಂಡೆ ಓಡಿ ಬಂದು ಬಾಚಣಿಗೆಗೆ ಮುತ್ತಿಟ್ಟಿತು. ಮುಟ್ಟಿದ್ದೇ ತಡ, ಹೊಡೆದವರ ಹಾಗೆ ದೂರ ಹಾರಿತು. ಬಾಚಣಿಗೆ ಹತ್ತಿರ ಒಯ್ದಷ್ಟೂ ದೂರ ಸರಿಯಿತು.

ಅವಳು ಬಾಚಣಿಗೆಯನ್ನು ಇನ್ನೊಂದು ಸಲ ಹತ್ತಿರ ಒಯ್ದು ನೋಡಿದಳು. ಆಮೇಲೆ ನಿಧಾನವಾಗಿ, "ಮೊದಲು ಅದರಲ್ಲಿ ಏನೂ ಇರಲಿಲ್ಲ. ಆದ್ರೂ ಬಂತು. ಮುಟ್ಟಿದ್ಮೇಲೆ ಬಾಚಣಿಗೇದೇ ಆವೇಶ ಸ್ವಲ್ಪ ಅದಕ್ಕೂ ಬಂತು. ಒಂದೇ ಥರದ್ದು ಆಯ್ತು. ಅದಕ್ಕೇ ಓಡ್ತು" ಎಂದಳು.

ನಾನು ಹೇಳಬೇಕಾದ ಮಾತು ಒಂದೂ ಉಳಿಯಲಿಲ್ಲ. ಕುರ್ಚಿ ಎಳೆದು ಕೂತಳು.

ಏಪ್ರಿಲ್ ೧೨

ಎಷ್ಟು ದಿನವಾಯಿತು ಬರೆದು! ಪುರುಸೊತ್ತೇ ಇಲ್ಲ. ಕೋಣೆ ತುಂಬ ಬಲೂನು, ಸ್ಟ್ರಾ, ಅಂಟುಪಟ್ಟಿ. ಎರಡು ಬಲೂನು ಉಜ್ಜಿ ಒಂದೇ ಕಡೆ ತೂಗುಬಿಟ್ಟೆವು. ಒಂದಕ್ಕೊಂದು ಮುಖ ತಿರುಗಿಸಿ ನಿಂತವು. ದೂರ ಎರಡರಷ್ಟಾದರೆ ಬಲ ಅರ್ಧವಲ್ಲ, ಕಾಲು ಭಾಗ. ಅದನ್ನು ಅವಳು ಒಪ್ಪಲು ಇಡೀ ಒಂದು ಮಧ್ಯಾಹ್ನ ಬೇಕಾಯಿತು. ಹಾಳೆಯ ಮೇಲೆ ಗೆರೆ ಬರೆದು, ದೂರ ಹೋದಂತೆ ಅವು ಹೇಗೆ ಅಗಲವಾಗಿ ಹರಡಿ ವಿರಳವಾಗುತ್ತವೆ ಎಂದು ತೋರಿಸಿದೆ. "ಅಲ್ಲವೇ ಅಲ್ಲ!" ಎಂದು ಜಗಳಕ್ಕೆ ನಿಂತಳು. "ಅಲ್ಲದೆ ಏನೇ, ನಿನ್ನ ತಲೆ!" ಎಂದು ನಾನೂ ಜೋರು ಮಾಡಿದೆ. ಕೊನೆಗೆ ಒಪ್ಪಿಕೊಂಡಾಗ ಅವಳ ಮುಖ ನೋಡಬೇಕಿತ್ತು.

ನನ್ನ ಒಂದು ಲೆಕ್ಕದಲ್ಲಿ ಚಿಹ್ನೆ ತಪ್ಪಿತ್ತು. ಬೇಕೆಂದು ಮಾಡಿದ್ದಲ್ಲ. ಹಿಡಿದುಬಿಟ್ಟಳು, ಕಳ್ಳಿ.

ಇಸ್ತ್ರಿಗೆ ಇದೆಲ್ಲ ಭಾರಿ ಪೆಟ್ಟಾಗಲಿದೆ.

ಏಪ್ರಿಲ್ ೧೯

ಇಸ್ತ್ರಿಗೆ ವಾಸನೆ ಹತ್ತಿದೆ. ಊಟದ ಹೊತ್ತಿನಲ್ಲಿ ಹುಡುಗಿ ಯಾವುದೋ ಮಾತಿಗೆ ಅವನ ವಿವರಣೆಯನ್ನೇ ತಿದ್ದಿದಳಂತೆ. "ಟ್ಯೂಷನ್ ಸಾಕು, ಇನ್ನು ಮನೇಲಿ ಓದ್ಕೋ" ಎಂದನಂತೆ.

ಉಪಾಯ ಅತ್ತಿಗೆಯದು. "ಟ್ಯೂಷನ್‌ಗೆ ಬೇಡ. ಕೂದಲು ಕತ್ತರಿಸೋಕೆ ಬರ್ಲಿ. ಅದಕ್ಕೂ ಬೇಡ ಅಂತಾನಾ?"

ಈಗ ಹುಡುಗಿ ಪಾರ್ಲರಿನ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಾಳೆ. ನಾನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಪ್ರಶ್ನೆ ಕೇಳುತ್ತೇನೆ. ಅತ್ತಿಗೆ ತುದಿಕೂದಲು ಕತ್ತರಿಸುತ್ತಾರೆ. "ಬೇಗ ಬೇಗ ಮುಗಿಸ್ರೇ. ಪರೀಕ್ಷೆ ಹೊತ್ತಿಗೆ ಇವಳ ಬುದ್ಧಿ ಬೆಳೆದಿರತ್ತೆ, ಕೂದಲು ಮಾತ್ರ ಇರಲ್ಲ" ಎನ್ನುತ್ತಾರೆ. ಬೇರೆ ಗಿರಾಕಿಗಳೂ ಕಿವಿಗೊಡುತ್ತಾರೆ. ಮುಖಕ್ಕೆ ಲೇಪ ಹಚ್ಚಿಕೊಂಡು ಅಲ್ಲಾಡದೆ ಕೂತಿದ್ದ ಒಬ್ಬರು ತುಟಿ ಬಿಚ್ಚದೆಯೇ, "ಎದುರು ದಿಕ್ಕಿಗೆ... ಎಲೆಕ್ಟ್ರಾನು ಎದುರು ದಿಕ್ಕಿಗೆ..." ಎಂದು ಗೊಣಗಿದರು!

ಮೇ ೫, ಭಾನುವಾರ

ಪರೀಕ್ಷೆ ಮುಗಿಯಿತು. ಇಸ್ತ್ರಿ ಮೊನ್ನೆ, ಪರೀಕ್ಷೆ ಬರೆಯುವುದೇ ಬೇಡ ಎಂದುಬಿಟ್ಟಿದ್ದನಂತೆ.

ಬೆಳಿಗ್ಗೆ ಅತ್ತಿಗೆಯೇ ಅವರ ಮನೆಗೆ ಹೋಗಿ, "ಇವಳ ಮುಖಕ್ಕೆ ಲೇಪ ಹಚ್ಚೋದಿದೆ, ಮಧ್ಯಾಹ್ನದ ತನಕ ಇಡ್ಬೇಕು" ಎಂದು ಕರೆದುಕೊಂಡು ಬಂದರು. ಇಸ್ತ್ರಿಯ ಹೆಂಡತಿ ಹುಡುಗಿಯ ಕೈಯಲ್ಲಿದ್ದ ಪೆನ್ನು ನೋಡಿದರಂತೆ. "ಹೋಗ್ಬಾ. ಚೆನ್ನಾಗಿ ಹಚ್ಚಿಸ್ಕೊಂಡು ಬಾ" ಎಂದಷ್ಟೇ ಅಂದರಂತೆ.

ಪರೀಕ್ಷಾ ಕೇಂದ್ರದ ಗೇಟಿನ ಮುಂದೆ ಬಿಸಿಲಿನಲ್ಲಿ ನಿಂತೆ. ಅತ್ತಿಗೆ ನೆರಳಿಗೆ ಕರೆದರೂ ಹೋಗಲಿಲ್ಲ. ಹುಡುಗಿ ಹೊರಗೆ ಬಂದವಳೇ ದೂರದಿಂದಲೇ ಕೂಗಿದಳು, "ಬಂದಿತ್ತು ಮೇಡಂ! ಕಾಗದದ ಚೂರು ಬಂದಿತ್ತು! ವಿಕರ್ಷಣೆ ಅಂತಲೇ ಬರೆದೆ!"

ಅಪ್ಪಿಕೊಂಡಳು. ನಾನು ಅಳಲಿಲ್ಲ. ಅತ್ತಿಗೆ ಅತ್ತರು.

ಜೂನ್ ೧೦

ಸೀಟು ಸಿಕ್ಕಿತು. ಹಾಸ್ಟೆಲೂ ಇದೆ. ಭೌತಶಾಸ್ತ್ರದಲ್ಲಿ ಎರಡೇ ತಪ್ಪು. ಅದರಲ್ಲಿ ಒಂದು ನಾನೇ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಅದೇ ಕೊರೆಯುತ್ತಿದೆ.

ಮೊಟ್ಟಮೊದಲ ಸಲ ಅವಳ ಗಂಡ ಫೋನಿನಲ್ಲಿ ಅಪ್ಪನಿಗೆ, "ಹೋಗ್ಲಿ ಬಿಡಪ್ಪ" ಎಂದನಂತೆ.

ಜೂನ್ ೨೧

ನಾಳೆ ನನ್ನ ಹುಡುಗಿ ಹೊರಡುತ್ತಾಳೆ. ಹೇಳಿ ಹೋಗಲು ಬಂದು ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಆ ಹೊತ್ತಿಗೆ ಪ್ರಿನ್ಸಿಪಾಲರು ಬಂದರು. ಸೊಸೆ ಒಳಗಿರುವುದು ಅವರಿಗೆ ಗೊತ್ತಿರಲಿಲ್ಲ. ಎಂದಿನಂತೆ ಹೊಸ್ತಿಲಾಚೆ ನಿಂತರು.

"ಅವಳು ನಿಮ್ಮ ಮಾತು ಕೇಳ್ತಾಳೆ. ಹೋಗ್ಬೇಡ ಅಂತ ಹೇಳಿ ಮೇಡಂ. ಮನೆ ಮರ್ಯಾದೆ ಪ್ರಶ್ನೆ" ಎಂದರು. "ಅವತ್ತು ಆ ಜಾಡಿ ಜೋಡಿಸಿ ಹಾಗೇ ಬಿಟ್ಟು ಹೋಗಿದ್ದು ನಾನೇ. ನಿಮ್ಮ ಮೇಲೆ ಹಾಕಿದೆ. ಆಡಳಿತ ಮಂಡಳಿ ಮುಂದೆ ಅದನ್ನ ಹೇಳ್ತೀನಿ, ನಿಮ್ಮ ಕೆಲಸ ವಾಪಸ್ ಕೊಡಿಸ್ತೀನಿ. ಇದೊಂದು ಮಾಡ್ಕೊಡಿ."

"ಸ್ವಲ್ಪ ನಿಂತಿರಿ ಸಾರ್, ಒಳಗೆ ಒಬ್ಬರು ಕಾಯ್ತಿದಾರೆ" ಎಂದೆ. ಬಿಸಿಲಿನಲ್ಲಿ ನಿಲ್ಲಲಿ, ಆಮೇಲೆ ಬಂದು ಬಾಯಿಗೆ ಬಂದದ್ದು ಅನ್ನೋಣ ಎಂದು ಒಳಗೆ ಹೋದೆ.

ಹುಡುಗಿ ಮೇಜಿನ ಮೇಲೆ ಗಲ್ಲವೂರಿ ಬಾಚಣಿಗೆಯನ್ನೂ ತೂಗುವ ಉಂಡೆಯನ್ನೂ ನೋಡುತ್ತ ಕೂತಿದ್ದಳು.

"ಮೇಡಂ, ಒಂದು ಅನುಮಾನ. ಮಧ್ಯೆ ಏನೂ ಇಲ್ಲ. ಆದ್ರೂ ಬಾಚಣಿಗೆ ಇಲ್ಲಿದೆ ಅಂತ ಉಂಡೆಗೆ ಗೊತ್ತಾಗತ್ತೆ. ಸರಿ, ಕ್ಷೇತ್ರ ಇದೆ. ಈಗ ನಾನು ಬಾಚಣಿಗೇನ ತಟ್ಟಂತ ಆಚೆ ಒಯ್ದುಬಿಟ್ರೆ? ಉಂಡೆಗೆ ಆ ಕ್ಷಣವೇ ಗೊತ್ತಾಗತ್ತಾ? ಸುದ್ದಿ ಹೋಗೋಕೆ ಹೊತ್ತು ಹಿಡಿಯತ್ತಾ?"

ನಾನು ಕೂತುಬಿಟ್ಟೆ. ಹೊತ್ತು ಹಿಡಿಯುತ್ತದೆ. ಬೆಳಕಿಗೆ ಎಷ್ಟು ಹಿಡಿಯುತ್ತದೋ ಅಷ್ಟೇ. ಆದರೆ ಅದನ್ನು ಬಾಯಲ್ಲಿ ಹೇಳಿದರೆ ನಂಬುವವಳಲ್ಲವಲ್ಲ ಇವಳು! ಕೊಳದಲ್ಲಿ ಕಲ್ಲು ಬಿದ್ದ ಅಲೆಯಿಂದ ಶುರು ಮಾಡಿದೆ. ಅವಳು ಅಡ್ಡ ಪ್ರಶ್ನೆ ಹಾಕಿದಳು. ಹಾಳೆ ತಂದೆವು, ಗೆರೆ ಎಳೆದೆವು, ಗೆರೆಯಲ್ಲಿ ಒಂದು ಗಂಟು ಬಂದು ಆ ಗಂಟು ದೂರ ದೂರ ಸಾಗುವುದನ್ನು ಬರೆದೆವು. ನಡುವೆ ಎಲ್ಲೋ ಒಂದು ಕಡೆ ನನಗೇ ಹೊಸದಾಗಿ ಅರ್ಥವಾಯಿತು.

ನೆನಪಾಗಿ ಹೊರಗೆ ಬಂದಾಗ ಹೊಸ್ತಿಲು ಖಾಲಿ.

"ಕಾದೂ ಕಾದೂ ಹೋದ" ಎಂದರು ಅತ್ತಿಗೆ. "ಬೆನ್ನೆಲ್ಲ ಒದ್ದೆ, ಅಂಗಿ ಮುದ್ದೆ. ಏನು ಮಾಡ್ತಿದ್ದೆ ಅಷ್ಟು ಹೊತ್ತು? ಬೇಕಂತಲೇ ನಿಲ್ಲಿಸಿದ್ಯಾ?"

"ಇಲ್ಲ ಅತ್ತಿಗೆ. ಮರೆತೇಹೋಯ್ತು."

ಅತ್ತಿಗೆ ನನ್ನನ್ನು ಒಂದು ಥರ ನೋಡಿದರು. ಕುರ್ಚಿಗಳಲ್ಲಿ ಇಬ್ಬರು ಗಿರಾಕಿಗಳು ಕತ್ತರಿಸಿದ ಕೂದಲಿನ ನಡುವೆ ಕಣ್ಣರಳಿಸಿ ಕೂತಿದ್ದರು.

"ಅವನ ಬಾಯಿಂದಲೇ ಬಂತಲ್ಲೇ, ಜಾಡಿ ಇಟ್ಟೋನು ನಾನೇ ಅಂತ! ನಾನು ಕೇಳಿಸ್ಕೊಂಡೆ, ಇವರಿಬ್ಬರೂ ಕೇಳಿಸ್ಕೊಂಡ್ರು. ಇವರ ಬಾಯಿ ನಿಂಗೆ ಗೊತ್ತಲ್ಲ. ನಾಳೆ ಹೊತ್ತಿಗೆ ಊರು ತುಂಬ ಆಗಿರತ್ತೆ. ಇಷ್ಟು ವರ್ಷ ಇದಕ್ಕೇ ಕಾದೆಯಲ್ಲೇ, ಒಂದು ನಗುವಾದ್ರೂ ನಗು!"

ನಕ್ಕೆ ಅನಿಸುತ್ತದೆ. ಸರಿಯಾಗಿ ನೆನಪಿಲ್ಲ. ಒಳಗಿನಿಂದ ಹುಡುಗಿ, "ಮೇಡಂ, ಹಾಗಾದ್ರೆ ಇನ್ನೊಂದು!" ಎಂದು ಕೂಗುತ್ತಿದ್ದಳು.

ಬಸ್ಸು ಬೆಳಿಗ್ಗೆ ಬೇಗ ಇದೆ. ದಾರಿಯಲ್ಲಿ ಓದಲು ಅವಳಿಗೆ ಒಂದು ಪುಸ್ತಕ ಕೊಡುತ್ತೇನೆ ಎಂದಿದ್ದೇನೆ. ಅಟ್ಟದ ಮೇಲೆ ಎಲ್ಲಿದೆಯೋ, ಈಗಲೇ ಹುಡುಕಬೇಕು.